ಇವತ್ತಿನ ಮಿತ್ರ, ನಾಳಿನ ಲೆಕ್ಕ: ವಾರ್‌ಹ್ಯಾಮರ್ ಕಥಾಲೋಕದ ಮೈತ್ರಿಗಳು

ಮೇಜಿನ ಮೇಲೆ ಪುಟ್ಟ ಪುಟ್ಟ ಗೊಂಬೆ ಸೈನ್ಯ ಹೂಡಿ, ಅಳತೆಪಟ್ಟಿ ಹಿಡಿದು, ದಾಳ ಉರುಳಿಸಿ ಆಡುವ ಯುದ್ಧದಾಟಗಳಲ್ಲಿ ವಾರ್‌ಹ್ಯಾಮರ್ 40,000ದಷ್ಟು ಹೆಸರು ಮಾಡಿದ್ದು ಇನ್ನೊಂದಿಲ್ಲ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ಹೊರತಂದ ಈ ಆಟದ ಮೊದಲ ಪುಸ್ತಕ ಬರೆದವರು ರಿಕ್ ಪ್ರೀಸ್ಟ್‌ಲಿ. ಆಟಕ್ಕಿಂತ ದೊಡ್ಡದಾಗಿ ಬೆಳೆದದ್ದು ಅದರ ಕಥೆ. ನೂರಾರು ಕಾದಂಬರಿಗಳು, ಪ್ರತಿ ಸೈನ್ಯಕ್ಕೂ ಒಂದೊಂದು ಕೋಡೆಕ್ಸ್ ಪುಸ್ತಕ, ನಕ್ಷೆಗಳು, ವಂಶಾವಳಿಗಳು. ಈಗ ನಮ್ಮ ಊರುಗಳಲ್ಲೂ ಆಟ ಆಡದೆ ಬರೀ ಕಥೆಯನ್ನೇ ಓದುವ ಹುಡುಗರಿದ್ದಾರೆ. ಗೊಂಬೆಗಳ ಬೆಲೆ ಕೈಗೆ ಎಟುಕುವಂಥದ್ದಲ್ಲ, ಕಥೆ ಎಟುಕುತ್ತದೆ.

ಆ ಕಥೆಯಲ್ಲಿ ಓದುಗರನ್ನು ಹೆಚ್ಚು ಜಗಳಕ್ಕೆ ಹಚ್ಚುವ ಪ್ರಶ್ನೆ ಒಂದೇ. ಯಾರು ಯಾರ ಮಿತ್ರರು, ಎಷ್ಟು ದಿನ? ನಿನ್ನೆಯ ಕೋಡೆಕ್ಸ್‌ನಲ್ಲಿ ಕಚ್ಚಾಡಿದವರು ಇಂದಿನದರಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿರುತ್ತಾರೆ. ಒಬ್ಬ ಓದುಗನಿಗೆ ಅದು ಕಥೆಯ ಬೆಳವಣಿಗೆ, ಇನ್ನೊಬ್ಬನಿಗೆ ಕಥೆಗೆ ಬಗೆದ ದ್ರೋಹ. ಸುಮಾರು ನಾಲ್ಕು ದಶಕಗಳ ಈ ಕಟ್ಟು-ಬಿಚ್ಚುಗಳನ್ನು ಒಟ್ಟಿಗಿಟ್ಟು ನೋಡಿದರೆ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಹೇಳಲು ಸಾಧ್ಯ ಎಂಬುದು ನನ್ನ ನಂಬಿಕೆ. ಹಾಗೆ ನೋಡಲು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಒಂದು ಅನುಕೂಲವೂ ಇದೆ. ವೀರನಹೊಸಹಳ್ಳಿಯಲ್ಲಿ ಬಯಲು ಮುಗಿದು ನಾಗರಹೊಳೆಯ ಕಾಡು ಶುರುವಾಗುತ್ತದೆ, ಕಾಡು ದಾಟಿದರೆ ಕೊಡಗು. ಮೈಸೂರಿಗೂ ಕೊಡಗಿಗೂ, ಅದಕ್ಕೂ ಮೊದಲು ಚೋಳರಿಗೂ ಹೊಯ್ಸಳರಿಗೂ ನಡುವೆ ಸಿಕ್ಕಿಕೊಂಡಿದ್ದ ಸೀಮೆ ಇದು. ಪಕ್ಷ ಬದಲಿಸುವುದು ಎಂದರೇನೆಂದು ಇಲ್ಲಿನ ಶಾಸನಗಳಿಗೆ ಗೊತ್ತು.

ಗೊತ್ತಿಲ್ಲದವರಿಗಾಗಿ ಕಥೆಯ ಹಂದರ ಹೇಳಿಬಿಡುತ್ತೇನೆ. ಕಾಲ ಇಂದಿಗೆ ಮೂವತ್ತೆಂಟು ಸಾವಿರ ವರ್ಷಗಳಾಚೆಯದು. ಮನುಷ್ಯರ ಸಾಮ್ರಾಜ್ಯ ಇಂಪೀರಿಯಮ್ ತಾರಾಮಂಡಲದ ತುಂಬ ಹರಡಿದೆ. ಅದರ ಚಕ್ರವರ್ತಿ ಹತ್ತು ಸಾವಿರ ವರ್ಷಗಳಿಂದ ಚಿನ್ನದ ಸಿಂಹಾಸನವೊಂದರಲ್ಲಿ ಸಾವಿಗೂ ಬದುಕಿಗೂ ನಡುವೆ ಕೂತಿದ್ದಾನೆ. ಅವನ ಶೂರರು ಸ್ಪೇಸ್ ಮರೀನ್‌ಗಳು. ಎದುರಿಗೆ ಕೇಯಾಸ್ ಎಂಬ ದುಷ್ಟ ದೈವಗಳ ಬಣ. ಸುತ್ತ ಹಳೆಯ ಜನಾಂಗ ಎಲ್ಡಾರ್, ಲೋಹದ ದೇಹದ ನೆಕ್ರಾನ್, ಹೊಸದಾಗಿ ತಲೆಯೆತ್ತುತ್ತಿರುವ ಟೌ, ಕಾದಾಟವೇ ಬದುಕಾದ ಆರ್ಕ್, ಎದುರಿಗೆ ಸಿಕ್ಕಿದ್ದನ್ನೆಲ್ಲ ತಿಂದು ಮುಗಿಸುವ ಟಿರನಿಡ್. ಎಲ್ಲರಿಗೂ ಎಲ್ಲರ ಮೇಲೆ ಯುದ್ಧ ಎಂಬುದು ಕಥೆಯ ಘೋಷಣೆ. ಆದರೂ ಒಂಟಿಯಾಗಿ ಉಳಿದವರು ಟಿರನಿಡ್‌ಗಳು ಮಾತ್ರ.

ಈ ಲೋಕದ ಅತಿ ದೊಡ್ಡ ದ್ರೋಹ ಹುಟ್ಟಿದ್ದು ಎಲ್ಲಿ ಎಂಬುದನ್ನು ಮೊದಲು ಹೇಳಬೇಕು. 1988ರಲ್ಲಿ ಕಂಪನಿ ಅಡೆಪ್ಟಸ್ ಟೈಟಾನಿಕಸ್ ಎಂಬ ಆಟ ತಂದಿತು. ದೈತ್ಯ ಯುದ್ಧಯಂತ್ರಗಳ ಆಟ. ಪ್ಲಾಸ್ಟಿಕ್ ಅಚ್ಚು ತುಂಬ ದುಬಾರಿಯಾದ್ದರಿಂದ ಒಂದೇ ಬಗೆಯ ಯಂತ್ರ ಮಾಡಿಸಿ ಎರಡೂ ಕಡೆಗೆ ಕೊಡಬೇಕಾಯಿತು. ಒಂದೇ ರೂಪದ ಯಂತ್ರಗಳು ಪರಸ್ಪರ ಹೊಡೆದಾಡಲು ಕಾರಣ ಬೇಕಲ್ಲ? ಮನುಷ್ಯರೊಳಗೇ ಅಂತರ್ಯುದ್ಧ ನಡೆಯಿತು ಎಂದು ಬರೆದರು. ಚಕ್ರವರ್ತಿಯ ನೆಚ್ಚಿನ ಮಗ ಹೋರಸ್ ತಿರುಗಿಬಿದ್ದ. ಹದಿನೆಂಟು ಸೇನೆಗಳಲ್ಲಿ ಒಂಬತ್ತು ಅವನ ಕಡೆ ಹೋದವು, ಒಂಬತ್ತು ಚಕ್ರವರ್ತಿಯ ಕಡೆ ಉಳಿದವು. ಅಚ್ಚಿನ ಖರ್ಚು ಉಳಿಸಲು ಹೊಳೆದ ಆ ಉಪಾಯ 2006ರಲ್ಲಿ ಡ್ಯಾನ್ ಆಬ್ನೆಟ್ಟರ ‘ಹೋರಸ್ ರೈಸಿಂಗ್’ನಿಂದ ಕಾದಂಬರಿ ಮಾಲೆಯಾಗಿ ಬೆಳೆಯಿತು, ಮುಗಿಯುವ ಹೊತ್ತಿಗೆ 2024 ಬಂದಿತ್ತು. ವ್ಯಾಪಾರದ ಅಗತ್ಯದಿಂದ ಹುಟ್ಟಿದ್ದೆಲ್ಲ ಜೊಳ್ಳು ಎನ್ನುವವರು ಇದನ್ನು ನೆನಪಿಡಬೇಕು. ಹುಟ್ಟು ಎಲ್ಲಾದರೂ ಆಗಲಿ, ಆಮೇಲೆ ಅದಕ್ಕೆ ಮನುಷ್ಯರ ಕಾರಣಗಳನ್ನು ಕೊಟ್ಟರೋ ಇಲ್ಲವೋ ಎಂಬುದು ಮುಖ್ಯ.

ಇಸ್ಟ್‌ವಾನ್ 5 ಎಂಬ ಗ್ರಹದಲ್ಲಿ ನಡೆಯುವುದನ್ನೇ ನೋಡಿ. ಹೋರಸ್‌ನನ್ನು ಹತ್ತಿಕ್ಕಲು ಏಳು ಸೇನೆಗಳು ಹೊರಡುತ್ತವೆ. ಐರನ್ ಹ್ಯಾಂಡ್ಸ್, ಸಾಲಮಾಂಡರ್ಸ್, ರೇವನ್ ಗಾರ್ಡ್ ಮೊದಲು ಇಳಿದು ರಕ್ತ ಹರಿಸುತ್ತಾರೆ. ಬಳಲಿ ಹಿಂದೆ ಸರಿಯುವಾಗ ಬೆನ್ನಿಗೆ ಉಳಿದ ನಾಲ್ಕು ಸೇನೆಗಳು ಬಂದಿಳಿದು ಸಾಲುಗಟ್ಟಿ ನಿಂತಿರುತ್ತವೆ. ಗಾಯಾಳುಗಳನ್ನು ಹೊತ್ತುಕೊಂಡು ತಮ್ಮವರ ಕಡೆಗೆ ನಡೆದು ಬರುತ್ತಿದ್ದವರ ಮೇಲೆ ಆ ಸಾಲುಗಳು ಗುಂಡಿನ ಮಳೆಗರೆಯುತ್ತವೆ. ನಾಲ್ಕೂ ಸೇನೆಗಳು ಅಷ್ಟು ಹೊತ್ತಿಗಾಗಲೇ ಹೋರಸ್‌ನವಾಗಿದ್ದವು. ಅವರಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾರಣವಿತ್ತು ಎಂಬುದೇ ಈ ಪ್ರಸಂಗದ ಬಲ. ಐರನ್ ವಾರಿಯರ್ಸ್‌ಗೆ ಯಾರೂ ಬೇಡವೆಂದ ಮುತ್ತಿಗೆಯ ಕೆಲಸವನ್ನೆಲ್ಲ ತಮ್ಮ ತಲೆಗೇ ಕಟ್ಟಿದರೆಂಬ ಹಳೆಯ ಕಹಿ. ವರ್ಡ್ ಬೇರರ್ಸ್‌ಗೆ ತಮ್ಮ ಭಕ್ತಿಯನ್ನು ಚಕ್ರವರ್ತಿಯೇ ಅವಮಾನಿಸಿದ ನೋವು. ಆಲ್ಫಾ ಲೀಜನ್ ನಿಜಕ್ಕೂ ಯಾರ ಪಕ್ಷದಲ್ಲಿತ್ತು ಎಂಬುದು ಇವತ್ತಿಗೂ ಬಗೆಹರಿಯದ ಚರ್ಚೆ. ಮಂಗಳ ಗ್ರಹದ ಯಂತ್ರಪೂಜಕರ ಒಡೆಯ ಕೆಲ್ಬೋರ್-ಹಾಲ್ ಹೋರಸ್‌ನ ಕಡೆ ಹೋದದ್ದಕ್ಕೂ ಸ್ಪಷ್ಟ ಬೆಲೆಯಿತ್ತು. ಚಕ್ರವರ್ತಿ ಬೀಗ ಹಾಕಿಟ್ಟಿದ್ದ ನಿಷಿದ್ಧ ವಿದ್ಯೆಯನ್ನು ತೆರೆದು ಕೊಡುವುದಾಗಿ ಹೋರಸ್ ಮಾತು ಕೊಟ್ಟಿದ್ದ.

ಇಂಪೀರಿಯಮ್ ಒಂದೇ ಮನೆ ಎಂದು ಹೊರಗಿನಿಂದ ಕಾಣುತ್ತದೆ. ಒಳಗೆ ನೋಡಿದರೆ ಅದೊಂದು ಒಪ್ಪಂದಗಳ ಕಂತೆ. ಭೂಮಿಗೂ ಮಂಗಳಕ್ಕೂ ಆದ ಒಡಂಬಡಿಕೆಯಲ್ಲಿ ಮಂಗಳದವರು ಚಕ್ರವರ್ತಿಯನ್ನು ತಮ್ಮ ಯಂತ್ರದೇವರ ಅವತಾರವೆಂದು ಒಪ್ಪಿಕೊಂಡರು, ಅದಕ್ಕೆ ಪ್ರತಿಯಾಗಿ ತಮ್ಮ ಧರ್ಮ ತಮಗೇ ಉಳಿಯಿತು. ಇನ್ನು ಗೋಗ್ ವ್ಯಾಂಡೈರ್‌ನ ಕಥೆ. ಆಡಳಿತದ ಮುಖ್ಯಸ್ಥನೂ ಅವನೇ, ಧರ್ಮದ ಮುಖ್ಯಸ್ಥನೂ ಅವನೇ ಆಗಿ ದಶಕಗಳ ಕಾಲ ರಕ್ತದ ಆಳ್ವಿಕೆ ನಡೆಸಿದ. ಅವನ ಅಂಗರಕ್ಷಣೆಗೆ ಚಕ್ರವರ್ತಿಯ ವಧುಗಳೆಂಬ ಹೆಣ್ಣು ಯೋಧರ ಪಡೆ. ಅವರ ನಾಯಕಿ ಅಲಿಶಿಯಾ ಡೊಮಿನಿಕಾಳನ್ನು ಅರಮನೆಯ ಕಾವಲಿನವರು ಒಳಗೆ ಕರೆದೊಯ್ದು ಸಿಂಹಾಸನದ ಮುಂದೆ ನಿಲ್ಲಿಸುತ್ತಾರೆ. ಅಲ್ಲಿ ಅವಳು ಏನು ಕಂಡಳು, ಏನು ಕೇಳಿದಳು ಎಂಬುದನ್ನು ಕಥೆ ಎಲ್ಲೂ ಹೇಳುವುದಿಲ್ಲ. ಅವಳು ಹೊರಬಂದು ನೇರ ವ್ಯಾಂಡೈರ್‌ನ ಬಳಿಗೆ ಹೋಗಿ ಅವನ ತಲೆ ಕತ್ತರಿಸುತ್ತಾಳೆ. ಅಷ್ಟು ವರ್ಷ ಅವನಿಗಾಗಿ ಕೊಂದ ಕೈ ಅದು. ಆಮೇಲೆ ಧರ್ಮಪೀಠ ಶಸ್ತ್ರ ಹಿಡಿದ ಗಂಡಸರನ್ನು ಇಟ್ಟುಕೊಳ್ಳಬಾರದೆಂದು ಕಟ್ಟಳೆಯಾಯಿತು, ಗಂಡಸರಲ್ಲದ ಆ ಪಡೆ ಮಾತ್ರ ಉಳಿದು ಸಿಸ್ಟರ್ಸ್ ಆಫ್ ಬ್ಯಾಟಲ್ ಆಯಿತು. ಈ ಲೋಕದಲ್ಲಿ ನಿಷ್ಠೆ ಬದಲಾದ ಪ್ರಸಂಗಗಳಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಹೇಳಿದ್ದು ಇನ್ನೊಂದನ್ನು ನಾನು ಓದಿಲ್ಲ.

ಆದರೆ ಮೈತ್ರಿಯ ವಿಷಯಕ್ಕೆ ಬಂದರೆ ಎಲ್ಲಕ್ಕಿಂತ ಮೇಲೆ ನಾನು ಇಡುವುದು ಬಡಾಬ್ ಯುದ್ಧವನ್ನು. ಆಟದ ಮೊದಲ ವರ್ಷಗಳಲ್ಲೇ ಸುಳಿದುಹೋದ ಈ ಕಥೆ 2010ರ ಹೊತ್ತಿಗೆ ದೊಡ್ಡ ಗ್ರಂಥವಾಗಿ ಬಂತು. ಗಡಿಯೊಂದನ್ನು ಕಾಯಲು ನೇಮಕವಾದ ಆಸ್ಟ್ರಲ್ ಕ್ಲಾಸ್ ಪಡೆಯ ನಾಯಕ ಲುಫ್ಟ್ ಹ್ಯೂರನ್. ಕೇಂದ್ರಕ್ಕೆ ಎಷ್ಟು ಬೇಡಿದರೂ ಬಲ ಬರುವುದಿಲ್ಲ, ಕಂದಾಯದ ತಗಾದೆ ಮಾತ್ರ ತಪ್ಪದೆ ಬರುತ್ತದೆ. ಅವನು ಕಪ್ಪ ನಿಲ್ಲಿಸಿದ. ನೆರೆಯ ಮೂರು ಪಡೆಗಳು ಅವನ ಜೊತೆ ನಿಂತವು. ಮ್ಯಾಂಟಿಸ್ ವಾರಿಯರ್ಸ್ ಹಳೆಯ ಮಾತಿಗೆ ಕಟ್ಟುಬಿದ್ದವರು. ಲ್ಯಾಮೆಂಟರ್ಸ್‌ಗೆ ಕೇಂದ್ರ ಮಾಡುತ್ತಿರುವುದು ಅನ್ಯಾಯ ಎನ್ನಿಸಿತ್ತು. ಎಕ್ಸಿಕ್ಯೂಷನರ್ಸ್‌ಗೆ ತೀರಿಸಬೇಕಾದ ಋಣವೊಂದಿತ್ತು. ಯಾರೂ ದುಷ್ಟರಲ್ಲ. ಯುದ್ಧ ಮುಂದುವರಿದಂತೆ ಹ್ಯೂರನ್ ಕ್ರೂರಿಯಾಗುತ್ತ ಹೋದ. ಎಕ್ಸಿಕ್ಯೂಷನರ್ಸ್‌ಗೆ ಶರಣಾಗಿದ್ದ ಸಾಲಮಾಂಡರ್ಸ್ ಯೋಧರನ್ನು ಅವನ ಜನ ಕೊಲ್ಲಲು ಬಂದಾಗ ಎಕ್ಸಿಕ್ಯೂಷನರ್ಸ್ ತಮ್ಮ ಮಿತ್ರರ ವಿರುದ್ಧವೇ ಕತ್ತಿ ಹಿರಿದು ಶತ್ರುಗಳನ್ನು ಕಾಪಾಡಿದರು. ಮುಂದೆ ಸೋತು ಹ್ಯೂರನ್ ಕಡಲುಗಳ್ಳನಾಗಿ ಕೇಯಾಸ್‌ನ ಪಾಲಾದ. ಅವನ ಮೂರು ಮಿತ್ರಪಡೆಗಳಿಗೆ ನೂರು ವರ್ಷದ ಪ್ರಾಯಶ್ಚಿತ್ತ ವಿಧಿಸಲಾಯಿತು. ಕೊಟ್ಟ ಮಾತಿಗೆ ತಪ್ಪಬಾರದು ಎಂಬ ಒಂದೇ ಗುಣ ಅವರನ್ನು ಮೊದಲು ಬಂಡಾಯಕ್ಕೂ ಆಮೇಲೆ ಮಾನಕ್ಕೂ ಎಳೆದೊಯ್ಯಿತು.

ಗಡಿಯ ಸಾಮಂತ, ದೂರದ ಕೇಂದ್ರ, ನಿಂತುಹೋದ ಕಪ್ಪ. ಇದನ್ನು ಓದುವಾಗ ನಮ್ಮ ಸೀಮೆಯವನಿಗೆ ಚಂಗಾಳ್ವರು ನೆನಪಾಗದೆ ಇರುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣದ ಸುತ್ತಲ ಚಂಗನಾಡನ್ನು ಆಳಿದವರು ಅವರು. ಕ್ರಿ.ಶ. 1004ರ ಸುಮಾರಿಗೆ ರಾಜರಾಜ ಚೋಳನ ಸೇನೆ ಇಲ್ಲಿಗೆ ಬಂತು. ದಂಡನಾಯಕ ಪಂಚವ ಮಹಾರಾಯ. ಕಾಳಗ ನಡೆದದ್ದು ಪನಸೋಗೆಯಲ್ಲಿ, ಅಂದರೆ ಕೆ.ಆರ್. ನಗರ ಸೀಮೆಯ ಇವತ್ತಿನ ಹನಸೋಗೆಯಲ್ಲಿ. ಚಂಗಾಳ್ವ ಸೋತ. ಆ ಕಾಳಗದಲ್ಲಿ ಕಾಲು ಕೀಳದೆ ನಿಂತು ಕಾದಿದ ಮನಿಜ ಎಂಬ ವೀರನಿಗೆ ಚೋಳ ‘ಕ್ಷತ್ರಿಯ ಶಿಖಾಮಣಿ ಕೊಂಗಾಳ್ವ’ ಎಂಬ ಬಿರುದು ಕೊಟ್ಟು ಮಾಳವ್ವಿಯನ್ನು ಉಂಬಳಿ ಬಿಟ್ಟ. ಒಂದು ದಿನದ ಯುದ್ಧದಿಂದ ಪಕ್ಕದಲ್ಲೇ ಒಂದು ಹೊಸ ರಾಜವಂಶ ಎದ್ದಿತು. ಸೋತ ಚಂಗಾಳ್ವರು ಮಾಡಿದ್ದೇನು? ಕೆಲವೇ ದಶಕಗಳಲ್ಲಿ ಅವರ ದೊರೆ ತನ್ನನ್ನು ‘ರಾಜೇಂದ್ರ ಚೋಳ ನನ್ನಿ ಚಂಗಾಳ್ವ’ ಎಂದು ಕರೆದುಕೊಂಡು, ಅದೇ ಹನಸೋಗೆಯ ಬಸದಿಯನ್ನು ಜೀರ್ಣೋದ್ಧಾರ ಮಾಡಿಸಿದ. ಗೆದ್ದವನ ಹೆಸರು ತನ್ನ ಹೆಸರಿನ ಮುಂದೆ, ನೆಲ ತನ್ನ ಕೈಯಲ್ಲಿ. ಚೋಳರು ಹಿಂದೆ ಸರಿದು ಹೊಯ್ಸಳರು ಬಂದಾಗ ಇದೇ ಚಂಗಾಳ್ವರು ಬಾಗಲಿಲ್ಲ. 1174ರ ಸುಮಾರಿಗೆ ಎರಡನೆಯ ವೀರಬಲ್ಲಾಳನ ದಂಡನಾಯಕ ಬೆಟ್ಟರಸ ದಂಡೆತ್ತಿ ಬಂದಾಗ ಚಂಗಾಳ್ವ ಮಹಾದೇವ ಕಾಡಿನಾಚೆಯ ಪಾಲ್ಪರೆ ಕೋಟೆ ಸೇರಿದ. ಮಹಾದೇವ ಅಳಿದ ಮೇಲೂ ಮುಗಿಯಲಿಲ್ಲ. ಅವನ ಕುಲದ ಪೆಮ್ಮ ವೀರಪ್ಪ ಕೊಡಗಿನ ನಾಡುಗಳವರನ್ನೆಲ್ಲ ಕೂಡಿಸಿಕೊಂಡು ಬೆಟ್ಟರಸನ ಮೇಲೆ ಬಿದ್ದ. ಕೊನೆಗೆ ಗೆದ್ದವನು ಬೆಟ್ಟರಸನೇ. ಆದರೂ ಒಂದು ಕಾಡಿನ ಎರಡು ಮಗ್ಗುಲಿನವರನ್ನು ಹೊರಗಿನ ಒಬ್ಬ ಶತ್ರು ಒಂದೇ ಕಡೆ ನಿಲ್ಲಿಸಿದ್ದ.

ಮುಂದೆ 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ ಸೈನ್ಯ ಪಿರಿಯಾಪಟ್ಟಣವನ್ನು ಗೆದ್ದು ಚಂಗಾಳ್ವರ ಕಥೆ ಮುಗಿಸಿತು. ಆ ಕಾಳಗವನ್ನು ಗೋವಿಂದವೈದ್ಯ 1648ರಲ್ಲೇ ಕಾವ್ಯ ಮಾಡಿದ. ಆಮೇಲೆ ಗಡಿಯಲ್ಲಿ ಎದುರುಬದುರಾದವರು ಮೈಸೂರು ಮತ್ತು ಕೊಡಗಿನ ಹಾಲೇರಿ ಅರಸರು. 1770ರಲ್ಲಿ ಹಾಲೇರಿ ಮತ್ತು ಹೊರಮಲೆ ಮನೆತನಗಳ ನಡುವೆ ಪಟ್ಟಕ್ಕಾಗಿ ವ್ಯಾಜ್ಯ ಎದ್ದಾಗ ಹಾಲೇರಿಯ ಲಿಂಗರಾಜ ಓಡಿಬಂದದ್ದು ಹೈದರಾಲಿಯ ಬಳಿಗೆ. ಹೈದರ್ ನೆರವಿಗೆ ಹೋದ, ಪಟ್ಟ ಕೊಡಿಸಿದ, ಕಪ್ಪ ಕಟ್ಟಿಸಿಕೊಂಡ. 1780ರಲ್ಲಿ ಲಿಂಗರಾಜ ತೀರಿಕೊಂಡೊಡನೆ ಅವನ ಮಕ್ಕಳಿಗೆ ತಾನೇ ಪೋಷಕನೆಂದು ಹೇಳಿ ನಾಡನ್ನೇ ವಶ ಮಾಡಿಕೊಂಡ. ಆ ಮಕ್ಕಳು ಕೊನೆಗೆ ಬಂದಿಯಾಗಿ ಬಂದು ಸೇರಿದ್ದು ಪಿರಿಯಾಪಟ್ಟಣದ ಕೋಟೆಗೆ. 1788ರಲ್ಲಿ ಅವರಲ್ಲೊಬ್ಬನಾದ ದೊಡ್ಡವೀರರಾಜ ಅಲ್ಲಿಂದ ತಪ್ಪಿಸಿಕೊಂಡ, 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. 1799ರ ಮಾರ್ಚ್ 5ರಂದು ಸಿದ್ದೇಶ್ವರ ಬೆಟ್ಟದ ಮೇಲೆ ನಿಂತವರಿಗೆ ಪಿರಿಯಾಪಟ್ಟಣದ ಕಡೆ ದೊಡ್ಡದೊಂದು ಹಸಿರು ಡೇರೆ ಕಾಣಿಸಿತು. ಟಿಪ್ಪು ಬಂದಿದ್ದ. ಮರುದಿನ ನಡೆದ ಕಾಳಗದಲ್ಲಿ ಕಂಪನಿ ಪಡೆ ಉಳಿಯಿತು, ಎರಡು ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ವೀರರಾಜನಿಗೆ ಪಿರಿಯಾಪಟ್ಟಣ ದಕ್ಕಲಿಲ್ಲ, ಬದಲಿಗೆ ತುಳುನಾಡಿನ ಪಂಜ, ಬೆಳ್ಳಾರೆ ಸಿಕ್ಕವು. 1834ರಲ್ಲಿ ಅದೇ ಕಂಪನಿ ಅದೇ ಮನೆತನದ ಚಿಕ್ಕವೀರರಾಜನನ್ನು ಪಟ್ಟದಿಂದ ಇಳಿಸಿ ಕೊಡಗನ್ನು ನುಂಗಿಕೊಂಡಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಸುಮ್ಮನೆ ಹೇಳಲಿಲ್ಲ.

ಇಷ್ಟನ್ನು ಇಲ್ಲಿ ತಂದದ್ದು ಹೋಲಿಕೆಯ ಖುಷಿಗಲ್ಲ. ಈ ಇತಿಹಾಸದಲ್ಲಿ ಒಂದೊಂದು ಮೈತ್ರಿಗೂ ಒಂದು ಬೆಲೆ, ಒಂದು ಅವಧಿ, ಒಬ್ಬ ಸಾಮಾನ್ಯ ಶತ್ರು, ಒಂದು ಬಿಟ್ಟುಕೊಡಲಾಗದ ನೆಲ ಇದೆ. ಕಲ್ಪಿತ ಲೋಕದ ಮೈತ್ರಿಗಳನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಕಲ್ಲು ನನಗೆ ಸಿಕ್ಕಿಲ್ಲ.

ಅದಕ್ಕೆ ಉಜ್ಜಿ ನೋಡಿದರೆ ಟೌ ಚೆನ್ನಾಗಿ ನಿಲ್ಲುತ್ತಾರೆ. 2001ರಲ್ಲಿ ಬಂದ ಈ ಜನಾಂಗ ಬೇರೆಯವರನ್ನು ಕೊಲ್ಲುವ ಮೊದಲು ‘ನಮ್ಮ ಜೊತೆ ಬನ್ನಿ’ ಎಂದು ಕರೆಯುತ್ತದೆ. ಕ್ರೂಟ್ ಜನರನ್ನು ಆರ್ಕ್‌ಗಳ ಕೈಯಿಂದ ಉಳಿಸಿದ್ದಕ್ಕೆ ಕ್ರೂಟ್ ಅವರ ಪರ ಕಾದುತ್ತಾರೆ. ಸಂಬಳ ಕೊಟ್ಟರೆ ಬೇರೆಯವರ ಪರವೂ ಕಾದುತ್ತಾರೆ. ವೆಸ್ಪಿಡ್ ಎಂಬ ರೆಕ್ಕೆಯ ಜನರ ಜೊತೆ ಮೊದಲು ಮಾತುಕತೆಯೇ ಸಾಧ್ಯವಿರಲಿಲ್ಲ. ಟೌಗಳು ಅವರ ನಾಯಕರಿಗೆ ಒಂದು ಶಿರಸ್ತ್ರಾಣ ಕೊಟ್ಟರು, ತೊಟ್ಟ ಮೇಲೆ ಅವರು ಕೂಡಲೇ ಒಪ್ಪಿದರು. ಆ ಒಪ್ಪಿಗೆ ಮನಸ್ಸಿನದೋ ಶಿರಸ್ತ್ರಾಣದ್ದೋ ಎಂಬುದನ್ನು ಬರೆದವರು ಬಿಡಿಸಿ ಹೇಳಲಿಲ್ಲ, ಹೇಳದೆ ಬಿಟ್ಟದ್ದರಿಂದಲೇ ಆ ಮೈತ್ರಿಗೆ ಭಯದ ನೆರಳು ಬಂತು. ಟೌಗಳ ಒಳಗಿನಿಂದಲೇ ಕಮಾಂಡರ್ ಫಾರ್‌ಸೈಟ್ ತನ್ನ ಪಡೆಯೊಡನೆ ಬೇರೆಯಾಗಿ ನೆಲೆ ಕಟ್ಟಿಕೊಂಡದ್ದೂ ಸಹಜವಾಗಿಯೇ ಬಂದಿದೆ. ಟೌಗಳ ಮೇಲೆ ಇಂಪೀರಿಯಮ್ ನಡೆಸಿದ ಡಾಮೊಕ್ಲಿಸ್ ದಂಡಯಾತ್ರೆ ಸೋಲು-ಗೆಲುವಿಲ್ಲದೆ ಸಂಧಾನದಲ್ಲಿ ಮುಗಿಯಿತು, ಬೇರೆ ದಿಕ್ಕಿನಿಂದ ಟಿರನಿಡ್ ಬರುತ್ತಿದ್ದದ್ದು ಕಾರಣ.

ನೆಕ್ರಾನ್‌ಗಳ ಮಾತು ಹಾಗಲ್ಲ. 2002ರ ಕೋಡೆಕ್ಸ್‌ನಲ್ಲಿ ಅವರು ಸಿಟಾನ್ ಎಂಬ ನಕ್ಷತ್ರಭಕ್ಷಕ ದೈವಗಳ ಮೂಕ ಆಳುಗಳು. 2011ರ ಕೋಡೆಕ್ಸ್ ಅದನ್ನು ತಲೆಕೆಳಗು ಮಾಡಿತು. ಆಳುಗಳೇ ತಿರುಗಿಬಿದ್ದು ದೈವಗಳನ್ನು ಚೂರುಚೂರು ಮಾಡಿ ಸೆರೆಯಿಟ್ಟಿದ್ದರಂತೆ. ಅವರಿಗೆ ರಾಜವಂಶಗಳಿದ್ದವಂತೆ, ಮೌನಿ ದೊರೆಯೊಬ್ಬನಿದ್ದನಂತೆ. ಮಾತಾಡುವ ದೊರೆಗಳು ಬಂದೊಡನೆ ಸಂಧಿ-ವಿಗ್ರಹಗಳ ದಾರಿ ತೆರೆಯಿತು, ಅಷ್ಟರ ಮಟ್ಟಿಗೆ ಬದಲಾವಣೆ ಒಳ್ಳೆಯದೇ. ಆದರೆ ಗೆಹೆನ್ನಾ ಎಂಬಲ್ಲಿ ಈ ಮೌನಿ ದೊರೆಯೂ ಬ್ಲಡ್ ಏಂಜಲ್ಸ್ ಪಡೆಯೂ ಹೊಡೆದಾಡುತ್ತಿರುವಾಗ ಟಿರನಿಡ್‌ಗಳು ಬಂದು, ಇಬ್ಬರೂ ಕೂಡಿ ಅವನ್ನು ಸೋಲಿಸಿ, ಆಮೇಲೆ ಕಾದಾಡದೆ ಬೇರೆಯಾದರು ಎಂದು ಬರೆದದ್ದನ್ನು ಓದುಗರು ಇವತ್ತಿಗೂ ಕ್ಷಮಿಸಿಲ್ಲ. ಅವರ ಸಿಟ್ಟು ಸರಿಯಾದದ್ದೇ. ಯಾರು ಏನು ಬಿಟ್ಟುಕೊಟ್ಟರು, ಮುಂದೆ ಯಾರಿಗೆ ಏನು ಕಷ್ಟ ಬಂತು ಎಂಬ ಒಂದು ಸಾಲೂ ಅಲ್ಲಿ ಮನಸ್ಸಿಗೆ ತಾಕುವಂತೆ ಬರಲಿಲ್ಲ.

ಅದೇ ನೆಕ್ರಾನ್ ಕುಲದ ಟ್ರೇಜ಼ಿನ್ ಕೇಡಿಯಾದಲ್ಲಿ ಮಾಡಿದ್ದನ್ನು ಪಕ್ಕದಲ್ಲಿಟ್ಟು ನೋಡಿ. 2017ರಲ್ಲಿ ಬಂದ ಕಥೆ. ಕೇಯಾಸ್‌ನ ಹೆಬ್ಬಾಗಿಲನ್ನು ಕಾಯುತ್ತಿದ್ದ ಕೇಡಿಯಾ ಗ್ರಹದ ಮೇಲೆ ಕೇಯಾಸ್‌ನ ದಂಡನಾಯಕ ಅಬಡಾನ್ ತನ್ನ ಹದಿಮೂರನೆಯ ದಂಡಯಾತ್ರೆ ತರುತ್ತಾನೆ. ಗ್ರಹದ ತುಂಬ ನಿಂತಿದ್ದ ಪುರಾತನ ಕಲ್ಲುಕಂಬಗಳು ಕೇಯಾಸ್‌ನ ಬಲವನ್ನು ಅಡಗಿಸಬಲ್ಲವು ಎಂಬ ಗುಟ್ಟನ್ನು ಮಂಗಳದ ಪಂಡಿತ ಕಾಲ್‌ನೊಡನೆ ಹಂಚಿಕೊಳ್ಳುವವನು ಟ್ರೇಜ಼ಿನ್. ಅವನು ಅಪರೂಪದ ವಸ್ತುಗಳನ್ನೂ ಜೀವಂತ ಮನುಷ್ಯರನ್ನೂ ಕದ್ದು ತನ್ನ ವಸ್ತುಸಂಗ್ರಹಾಲಯದಲ್ಲಿ ಕೂಡಿಡುವವನು. ಕೊನೆಗೆ ಅಬಡಾನ್ ಒಡೆದ ಯುದ್ಧನೆಲೆಯೊಂದನ್ನೇ ಗ್ರಹದ ಮೇಲೆ ಅಪ್ಪಳಿಸಿ ಕೇಡಿಯಾವನ್ನು ಒಡೆಯುತ್ತಾನೆ. ಆ ಗೊಂದಲದಲ್ಲಿ ಟ್ರೇಜ಼ಿನ್ ಕೇಡಿಯಾದ ಮಹಾವೀರ ಕ್ರೀಡ್‌ನನ್ನು ತನ್ನ ಸಂಗ್ರಹಕ್ಕೆಂದು ಎತ್ತಿಕೊಂಡು ಹೋಗುತ್ತಾನೆ. ನೆರವು ಸಿಕ್ಕಿತು, ಬೆಲೆಯೂ ತೆರಬೇಕಾಯಿತು, ಇಬ್ಬರ ಸ್ವಭಾವವೂ ಕೆಡಲಿಲ್ಲ. ಹೈದರ್ ಲಿಂಗರಾಜನಿಗೆ ಮಾಡಿದ ಉಪಕಾರದ ಜಾತಿಯದೇ ಇದು.

ಎಲ್ಡಾರ್‌ಗಳ ಬಗ್ಗೆ ಹೇಳಲು ಬಹಳವಿದೆ, ಮುಖ್ಯವಾದದ್ದನ್ನು ಮಾತ್ರ ಹೇಳುತ್ತೇನೆ. ಆಟದ ಮೊದಲ ವರ್ಷಗಳಲ್ಲಿ ಅರ್ಧ ಎಲ್ಡಾರ್ ರಕ್ತದವನೊಬ್ಬ ಸ್ಪೇಸ್ ಮರೀನ್ ಪಡೆಯ ಅಧಿಕಾರಿಯಾಗಿದ್ದ, ಅಷ್ಟು ಸಡಿಲವಿತ್ತು. ಆಮೇಲೆ ಗೋಡೆ ಎದ್ದಿತು. ಭವಿಷ್ಯ ನೋಡಬಲ್ಲ ಎಲ್ಡ್ರಾಡ್ ತನ್ನ ಜನ ಉಳಿಯಬೇಕೆಂದು ಯಾರನ್ನು ಬೇಕಾದರೂ ಯಾರ ಮೇಲೆ ಬೇಕಾದರೂ ಎತ್ತಿಕಟ್ಟುವವನಾದ. 2017ರಲ್ಲಿ ಯ್‌ವ್ರೇನ್ ಎಂಬವಳು ಸತ್ತವರ ದೈವದ ಹೆಸರಿನಲ್ಲಿ ಇನ್ನಾರಿ ಎಂಬ ಹೊಸ ಬಣ ಕಟ್ಟಿ, ಸಾವಿನಂಥ ನಿದ್ದೆಯಲ್ಲಿದ್ದ ಮನುಷ್ಯರ ನಾಯಕ ಗಿಲಿಮನ್‌ನನ್ನು ಎಬ್ಬಿಸಲು ಕಾಲ್‌ಗೆ ನೆರವಾದಳು. ಮನುಷ್ಯರು ಗಟ್ಟಿಯಾದರೆ ಕೇಯಾಸ್‌ಗೆ ಅಡ್ಡ ನಿಲ್ಲುತ್ತಾರೆ ಎಂಬುದು ಲೆಕ್ಕ. ಈ ಬಣದ ಹುಟ್ಟಿಗೆ ಬಿಯೆಲ್-ಟಾನ್ ಎಂಬ ಅವರದೇ ನೌಕಾನಗರ ಒಡೆದುಹೋಯಿತು, ಅವರವರಲ್ಲೇ ಅಪನಂಬಿಕೆ ಬೆಳೆಯಿತು. ಇಲ್ಲಿ ಬೆಲೆ ಕಾಣುತ್ತದೆ, ಆದ್ದರಿಂದಲೇ ಒಪ್ಪಬಹುದು. ನಂತರದ ವರ್ಷಗಳಲ್ಲಿ ಈ ಎಳೆಯನ್ನು ಹಿಡಿದು ಬರೆಯುವವರು ಕಡಿಮೆಯಾದದ್ದು ಬೇಸರದ ಸಂಗತಿ.

ಇನ್ನು ನಿಯಮ ಪುಸ್ತಕಗಳು. ಕಥೆಯ ಮೈತ್ರಿಗೂ ಮೇಜಿನ ಮೈತ್ರಿಗೂ ಬಿರುಕು ಬಿಟ್ಟದ್ದು ಇಲ್ಲಿಯೇ. 2012ರ ಆರನೆಯ ಆವೃತ್ತಿ ಒಂದು ದೊಡ್ಡ ಕೋಷ್ಟಕ ಕೊಟ್ಟಿತು. ಯಾವ ಸೈನ್ಯ ಯಾವುದರ ಆಪ್ತ ಬಂಧು, ಯಾವುದರ ಅನುಕೂಲದ ಮಿತ್ರ, ಯಾವುದರ ಅನಿವಾರ್ಯದ ಮಿತ್ರ, ಯಾವುದರ ಜೊತೆ ಪ್ರಳಯವಾದರೂ ಕೂಡಲಾರದು ಎಂದು ನಾಲ್ಕು ದರ್ಜೆ. 2014ರ ಆವೃತ್ತಿ ಕೊನೆಯ ದರ್ಜೆಯವರನ್ನೂ ದೂರ ದೂರ ನಿಲ್ಲಿಸಿ ಕೂಡಿಸಬಹುದು ಎಂದಿತು. ಫಲ ಏನಾಯಿತು? 2013ರಿಂದಲೇ ಟೌ ಬಂದೂಕಿಗೆ ಎಲ್ಡಾರ್ ಮಂತ್ರ ಸೇರಿಸಿ ಪಂದ್ಯಗಳನ್ನು ಗೆಲ್ಲುವ ರೂಢಿ ಹತ್ತಿತು. ಯಾಕೆ ಕೂಡಿದರು ಎಂದು ಕೇಳುವವರಿಲ್ಲ, ಕೋಷ್ಟಕದಲ್ಲಿ ಅನುಮತಿ ಇದೆ, ಅಷ್ಟೇ. 2017ರ ಎಂಟನೆಯ ಆವೃತ್ತಿ ಕೋಷ್ಟಕ ಕಿತ್ತುಹಾಕಿ ಇಂಪೀರಿಯಮ್, ಕೇಯಾಸ್, ಎಲ್ಡಾರಿ ಎಂಬ ಹಣೆಪಟ್ಟಿಗಳನ್ನು ತಂದಿತು. ಹಣೆಪಟ್ಟಿ ಒಂದೇ ಆದರೆ ಯಾರೊಡನೆ ಯಾರಾದರೂ ಕೂಡಬಹುದು. ಆಟಗಾರರು ಅಂಥ ಸೈನ್ಯಕ್ಕೆ ಸೂಪ್ ಎಂದು ಹೆಸರಿಟ್ಟರು. 2020ರಲ್ಲಿ ಅದಕ್ಕೆ ದಂಡ ಹಾಕಿದರು, 2023ರ ಹತ್ತನೆಯ ಆವೃತ್ತಿಯಲ್ಲಿ ಬೆರಕೆಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿ ಕೆಲವರಿಗೆ ಮಾತ್ರ ಕಿಂಡಿ ಬಿಟ್ಟರು. ಬಿಗಿ ಮಾಡಿದ್ದು ಸರಿಯಾಯಿತು. ಕೋಷ್ಟಕದ ಮೂಲದೋಷ ಅದು ಮೈತ್ರಿಯನ್ನು ಹುಟ್ಟುಗುಣ ಮಾಡಿದ್ದು. ಮೈತ್ರಿ ಒಂದು ಸಂದರ್ಭದ ಕೂಸು. ಹೈದರಾಲಿಯನ್ನು ಅಂಥ ಕೋಷ್ಟಕದಲ್ಲಿ ಎಲ್ಲಿ ಕೂರಿಸುತ್ತೀರಿ? 1769ರಲ್ಲಿ ಮದರಾಸಿನಲ್ಲಿ ಇಂಗ್ಲಿಷರೊಡನೆ ಪರಸ್ಪರ ರಕ್ಷಣೆಯ ಒಪ್ಪಂದ, ಮರಾಠರು ಏರಿಬಂದಾಗ ಇಂಗ್ಲಿಷರು ಬರಲಿಲ್ಲ. 1780ರಲ್ಲಿ ಅದೇ ಮರಾಠರು ಮತ್ತು ನಿಜಾಮನ ಜೊತೆಗೂಡಿ ಇಂಗ್ಲಿಷರ ಮೇಲೆ ಯುದ್ಧ. 1790ರಲ್ಲಿ ಮರಾಠರು, ನಿಜಾಮ, ಇಂಗ್ಲಿಷರು ಮೂವರೂ ಟಿಪ್ಪುವಿನ ಮೇಲೆ. 1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನ ಮೇಲೆ.

ನಮ್ಮ ಹಳೆಯ ಮಣೆಯಾಟಗಳು ಈ ವಿಷಯದಲ್ಲಿ ಜಾಣತನ ತೋರಿಸಿದ್ದವು. ಸುಮಾರು 1030ರಲ್ಲಿ ಅಲ್‌ಬಿರೂನಿ ದಾಳ ಹಾಕಿ ನಾಲ್ವರು ಆಡುವ ಚದುರಂಗವನ್ನು ವರ್ಣಿಸಿದ್ದಾನೆ. ಆಮೇಲಿನ ಚತುರಾಜಿಯಲ್ಲಿ ಎದುರುಬದುರು ಕೂತ ಇಬ್ಬರು ಜೊತೆಗಾರರು. ಆದರೆ ನಿಮ್ಮ ರಾಜ ಜೊತೆಗಾರನ ಸಿಂಹಾಸನದ ಮನೆಗೆ ಹೋಗಿ ಕೂತರೆ ಅವನ ಸೈನ್ಯವೂ ನಿಮ್ಮದೇ. ಇಡೀ ಆಟ ನಂಬಿಕೆಯ ಜೊತೆಗೆ ಆ ಅಂಜಿಕೆಯನ್ನೂ ಇಟ್ಟುಕೊಂಡು ನಡೆಯಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಕೂತು ಹೊಸ ಹೊಸ ಮಣೆಯಾಟಗಳನ್ನು ರಚಿಸಿದರು, ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಅವು ಚಿತ್ರವಾಗಿ ಉಳಿದಿವೆ. ಈ ಪರಂಪರೆಯ ಪಕ್ಕದಲ್ಲೇ ಬೆಳೆಯುವ ಹುಡುಗರು ಗೊಂಬೆ ಕೊಳ್ಳಲಾಗದೆ ರಟ್ಟು ಕತ್ತರಿಸಿ, ಥರ್ಮಾಕೋಲಿನಲ್ಲಿ ಗುಡ್ಡ ಮಾಡಿ ಆಡುವುದನ್ನು ನೋಡಿದಾಗ ನನಗೆ ಹೆಮ್ಮೆಯೇ ಆಗುತ್ತದೆ.

ವಾರ್‌ಹ್ಯಾಮರ್ ಕಥೆಗಾರರ ಮೇಲೆ ಒಂದು ದೊಡ್ಡ ದೂರು ಉಳಿಯುತ್ತದೆ. ಟಿರನಿಡ್ ಬಂತು, ಆದ್ದರಿಂದ ಇಬ್ಬರು ಶತ್ರುಗಳು ಕೂಡಿದರು ಎಂಬ ಉಪ್ಪುಕಾರವಿಲ್ಲದ ಕಾರಣವನ್ನು ಅವರು ಮತ್ತೆ ಮತ್ತೆ ಬಳಸುತ್ತಾರೆ. ದೊಡ್ಡ ಶತ್ರು ಎದುರಿಗಿದ್ದರೂ ಕೂಡದೆ ಸತ್ತವರು ಇತಿಹಾಸದಲ್ಲಿ ಕೂಡಿದವರಿಗಿಂತ ಹೆಚ್ಚು. ಇನ್ನೊಂದು, ಪಕ್ಷ ಬದಲಾದಾಗ ಊರಿನವರಿಗೆ ಏನಾಯಿತು ಎಂಬುದು ಆ ಕಥೆಗಳಲ್ಲಿ ಅಪರೂಪ. ಟೌಗಳ ಕಡೆ ಹೋದ ಸಾಮಾನ್ಯ ಮನುಷ್ಯರು, ಅವರ ಮಾತಿನಲ್ಲಿ ಗ್ಯೂವೆಸಾ, ಒಂದೆರಡು ಪುಟದಲ್ಲಿ ಬಂದು ಮಾಯವಾಗುತ್ತಾರೆ. ಒಬ್ಬ ರೈತ, ಒಬ್ಬ ಗಣಿಕೂಲಿ ಧ್ವಜ ಬದಲಿಸುವಾಗ ಏನು ಯೋಚಿಸುತ್ತಾನೆ ಎಂಬುದರ ಮೇಲೆ ಒಂದು ಇಡೀ ಕಾದಂಬರಿ ಬೇಕು. ಪಿರಿಯಾಪಟ್ಟಣದ ದಾರಿಯಲ್ಲಿ ಸೈನ್ಯ ಹಾದುಹೋದಾಗಲೆಲ್ಲ ಎತ್ತು, ಹುಲ್ಲು, ರಾಗಿ ಕಳೆದುಕೊಂಡವರು ಯಾವ ಪಕ್ಷದವರು ಎಂಬ ಪ್ರಶ್ನೆಯೂ ನಮ್ಮಲ್ಲಿ ಹಾಗೇ ಉಳಿದಿದೆ.

ಕನ್ನಡದಲ್ಲಿ ವಿಜ್ಞಾನ ಕಥೆ ಬರೆಯುವವರು, ಮಣೆಯಾಟ ಕಟ್ಟುವ ಉತ್ಸಾಹವಿರುವ ಹುಡುಗ-ಹುಡುಗಿಯರು ಈ ಲೇಖನ ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ಹೊಸ ಲೋಕ ಕಟ್ಟುವಾಗ ಮಿತ್ರರ ಕೋಷ್ಟಕದಿಂದ ಶುರು ಮಾಡಬೇಡಿ. ಮೊದಲು ಬಡಾಬ್ ಯುದ್ಧದ ಕಥೆ ಓದಿ. ಆಮೇಲೆ ಒಂದು ಭಾನುವಾರ ಬಸ್ಸು ಹತ್ತಿ ಚಿಕ್ಕಹನಸೋಗೆಯ ಬಸದಿಯನ್ನೂ ಪಿರಿಯಾಪಟ್ಟಣದ ಕೋಟೆಯಲ್ಲಿ ಉಳಿದಿರುವುದನ್ನೂ ನೋಡಿ ಬನ್ನಿ. ಚಂಗಾಳ್ವ, ಕೊಂಗಾಳ್ವ, ಚೋಳ, ಹೊಯ್ಸಳ ಎಂಬ ನಾಲ್ಕು ಪಕ್ಷಗಳ ಆಟವೊಂದನ್ನು ನಕ್ಷತ್ರಗಳ ನಡುವೆ ಇಟ್ಟು ಕನ್ನಡದಲ್ಲೇ ಬರೆದು ತನ್ನಿ. ಆಡಲು ಜನ ಇದ್ದಾರೆ.